ಅಮ್ಮನ ಬೆರಳು

ಪ್ರೀತಿಯ ಅಕ್ಕನಿಗೆ,

ಅಮ್ಮ ಆರಾಮಾಗಿದ್ದಾಳೆ. ನಿನ್ನೆ ಅವಳನ್ನು ಕರೆದುಕೊಂಡು ಹೋಗಿ ಓಟು ಹಾಕಿಸಿಕೊಂಡು ಬಂದೆ. ಕಣ್ಣು ಕಾಣದವರ ಜೊತೆ ಒಬ್ಬರನ್ನು ಒಳಗೆ ಬಿಡುತ್ತಾರೆ. ನಮ್ಮಿಬ್ಬರ ಹೆರಿಗೆ ಮಾಡಿಸಿದ ನರ್ಸಮ್ಮ ಚುನಾವಣೆಗೆ ನಿಂತಿದ್ದಾರಲ್ಲ, ಅವರಿಗೇ ಹಾಕಬೇಕೆಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ನಾನು ಅವಳ ಬೆರಳು ಹಿಡಿದು ನಮ್ಮ ಕಾರ್ಖಾನೆ ಯಜಮಾನರ ಗುಂಡಿ ಒತ್ತಿಸಿದೆ. ಗೆದ್ದರೆ ನನ್ನ ಕೆಲಸ ಕಾಯಂ ಎಂದಿದ್ದರು. ಯಾರ ಗುಂಡಿ ಒತ್ತಿದರೂ ಆ ಯಂತ್ರ ಒಂದೇ ಥರ ಕೂಗುತ್ತದೆ ಅಕ್ಕ. ಸದ್ದು ಕೇಳಿ ಅಮ್ಮ ನನ್ನ ಕೆನ್ನೆ ಸವರಿದಳು.

ಹೊರಗೆ ಬಂದು, “ನೀನ್ಯಾರಿಗೆ ಹಾಕಿದ್ಯೋ?” ಎಂದಳು.

“ನಿನ್ನ ಓಟು ಹೋದ ಕಡೆಗೇ ಕಣಮ್ಮ.”

“ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೂ ಸಾರ್ಥಕ ಆಯ್ತು ಬಿಡು!”

ಮುಂದಿನ ಸಲ ನೀನೇ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋಗು. ನಾನು ಅವಳ ಕೋಲು ಹಿಡಿದುಕೊಂಡು ಹೊರಗೇ ನಿಂತಿರುತ್ತೇನೆ.

ಇತಿ,
ನಿನ್ನ ತಮ್ಮ