ಎದುರು ಪಕ್ಷದಲ್ಲಿ ಮೇದಿನಿ

ಗದಗ, ಚೈತ್ರ ಶುದ್ಧ ಪಾಡ್ಯ, ಕ್ರಿ.ಶ. ೨೧೮೭

ಒಂದೂವರೆ ಶತಮಾನದ ಹಿಂದಿನ ಹಿರಿಯರೇ,

ನೀವಿನ್ನೂ ಕಾಣದ ವರ್ಷದಿಂದ ಬರೆಯುತ್ತಿದ್ದೇನೆ. ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಬಹುದು. ಮನ್ನಿಸಿ, ನಮ್ಮ ಬದುಕಿಗೆ ಬೇರೆ ಪದಗಳಿಲ್ಲ.

ನಮ್ಮ ಬೀದಿಗಳ ಮೇಲೆ ಈಗ ನೆರಳುಹಾಸು ಇದೆ: ಬೆಳಗ್ಗೆ ಬಿಚ್ಚಿಕೊಂಡು ಸಂಜೆ ಮಡಚಿಕೊಳ್ಳುವ ಬಟ್ಟೆಯ ಸೂರು. ಸಂತೆ ಸೇರುವುದು ಹೊತ್ತು ಮುಳುಗಿದ ಮೇಲೆ. ಪ್ರತಿ ಮನೆಯ ಗೋಡೆಯಲ್ಲೂ ಒಂದು ಕೇಳುಗಿಂಡಿ ಇರುತ್ತದೆ. ದೂರದೂರಿನ ಆಪ್ತಸಲಹೆಗಾರರು ಅದರಲ್ಲಿ ಮುಖ ತೋರಿ, ವರ್ಷಗಳಾದರೂ ದುಃಖ ಆರದವರ ಮಾತು ಕೇಳುತ್ತಾರೆ. ನಿಮ್ಮ ಫೋನುಗಳಲ್ಲೇ ಈ ಕೆಲಸ ಆರಂಭವಾಗಿತ್ತೆಂದು ಓದಿದ್ದೇನೆ. ಬದಲಾಗದೆ ಉಳಿದದ್ದೂ ಉಂಟು. ಸಾವಾದ ಮನೆಯಲ್ಲಿ ಈಗಲೂ ಒಂದು ವರ್ಷ ಹಬ್ಬವಿಲ್ಲ.

ನನ್ನ ಮಗಳು ಮೇದಿನಿ ಹತ್ತೊಂಬತ್ತರ ಹರೆಯದಲ್ಲಿ ಜ್ವರದಿಂದ ತೀರಿಕೊಂಡಳು. ವರ್ಷ ತುಂಬಿದರೂ ನಾನು ಹಬ್ಬಕ್ಕೆ ಒಪ್ಪಲಿಲ್ಲ. ಹಾಗೆಯೇ ಏಳು ಯುಗಾದಿಗಳು ತೋರಣವಿಲ್ಲದೆ ಕಳೆದವು. ನನ್ನ ಹೆಂಡತಿ ಶಾಂಭವಿ ಮೊದಮೊದಲು ಕೇಳಿದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಈ ಚಳಿಗಾಲದಲ್ಲಿ ಮಾತ್ರ, ಮುಂದಿನ ಯುಗಾದಿಯೂ ಹೀಗೇ ಆದರೆ ತಂಗಿಯ ಊರಿಗೆ ಹೋಗಿಬಿಡುವೆನೆಂದಳು. ಆಗ ನಾನು ಕೇಳುಗಿಂಡಿಯ ಮುಂದೆ ಕುಳಿತೆ.

ಭಟ್ಕಳದಿಂದ ಸಫೂರಾ ಎಂಬವರು ಕೇಳುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಗೆದ್ದವನು ನಾನು; ಅವರ ಮುಂದೆಯೂ ವಾದವನ್ನೇ ಮಂಡಿಸಿದೆ. ದುಃಖ ಕಡಿಮೆಯಾಗುವುದೆಂದರೆ ಮಗಳಿಗೆ ಬಗೆದ ದ್ರೋಹ ಎಂದೆ. ಅವರು ಎತ್ತದ ಆಕ್ಷೇಪಗಳನ್ನೂ ಖಂಡಿಸಿದೆ. ವಾರವಾರವೂ ಗೆದ್ದು, ಎದ್ದುಹೋಗಿ ಒಬ್ಬನೇ ಉಂಡೆ.

ಒಂದು ಸಂಜೆ ಅವರು ನನ್ನ ಕೈಯಿಂದಲೇ ನನ್ನೆದುರಿಗೆ ಇನ್ನೊಂದು ಕುರ್ಚಿ ಹಾಕಿಸಿದರು. “ಸರ್, ಇವತ್ತೂ ನೀವೇ ಗೆದ್ರಿ ಬಿಡಿ. ಚರ್ಚೆಯಲ್ಲಿ ಪಕ್ಷ ಬದಲಾಯಿಸೋದುಂಟಲ್ಲ? ಆ ಕಡೆ ಹೋಗಿ. ಮೇದಿನಿ ಪರವಾಗಿ ಮಾತಾಡಿ.”

ಎರಡೂ ಪಕ್ಷಕ್ಕೆ ಸಿದ್ಧನಿಲ್ಲದವನು ವೇದಿಕೆ ಹತ್ತಬಾರದೆಂದು ಕಿರಿಯರಿಗೆ ಕಲಿಸಿದವನು ನಾನು, ನಿರಾಕರಿಸುವಂತಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದರೆ ಬಂದದ್ದು ಮಗಳ ಧಾಟಿ: “ಅಪ್ಪಾ, ಸಾಕು ಮಾಡೋ ನಿನ್ನ ಭಾಷಣಾ! ಹೋಳಿಗಿ ಅಂದ್ರ ಜೀವಾ ಬಿಡಾಕಿ ನಾ. ನನ್ನ ಹೆಸರ್ಲೆ ಅವ್ವನ ಒಲಿ ಯಾಕ ಆರಸೀದಿ?”

ಉತ್ತರಿಸಲು ನನ್ನ ಕುರ್ಚಿಗೆ ಮರಳಿದೆ. ಬಹಳ ಹೊತ್ತು ಅತ್ತೆ. ಸೋತು ಇಷ್ಟು ನೆಮ್ಮದಿಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ದುಃಖ ಹೋಗಿಲ್ಲ, ಮನೆಯ ಯಜಮಾನಿಕೆ ಬಿಟ್ಟುಕೊಟ್ಟಿದೆ, ಅಷ್ಟೇ.

ಒಂದು ವಿನಂತಿ. ಶೋಕವೇ ತನ್ನ ಧರ್ಮವೆಂದು ವಾದಿಸುವ ತಂದೆ ನಿಮ್ಮಲ್ಲಿದ್ದರೆ ಅವನನ್ನು ಸೋಲಿಸಲು ಹೋಗಬೇಡಿ. ಎದುರಿನ ಕುರ್ಚಿ ತೋರಿಸಿ. ಹೆಚ್ಚು ಬರೆಯಲು ಬಿಡುವಿಲ್ಲ. ಹೂರಣ ರುಬ್ಬುವ ಕೆಲಸ ನನ್ನದೆಂದು ಶಾಂಭವಿ ತೀರ್ಪಿತ್ತಿದ್ದಾಳೆ, ಮೇಲ್ಮನವಿಗೆ ಅವಕಾಶವಿಲ್ಲ.

ನಿಮ್ಮ ಮುಂದಿನವನು,
ರೇವಣಸಿದ್ಧ