ಕಣಿವೆ ತೋರಿಸುತ್ತಿದ್ದ ದನಿಯ ಬಗ್ಗೆ, ಬೆಟ್ಟದ ರೈಲಿನ ಮುಖ್ಯಾಧಿಕಾರಿಗಳಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬೆಟ್ಟದ ಪ್ರವಾಸಿ ರೈಲನ್ನು ನೀವು ನಿಲ್ಲಿಸಿದಿರಿ. ಅದಕ್ಕೂ ಮೊದಲು, ಆ ರೈಲಿನಲ್ಲಿ ಕೆಲಸಕ್ಕಿದ್ದ ನನ್ನ ಅಕ್ಕನ ಬಾಯಿ ನಿಲ್ಲಿಸಿದಿರಿ. ಮೊದಲನೆಯದಕ್ಕೆ ಪತ್ರಿಕೆಗಳಲ್ಲಿ ಕಾರಣ ಕೊಟ್ಟಿದ್ದೀರಿ. ಎರಡನೆಯದಕ್ಕೆ ಇಂದಿನವರೆಗೂ ಯಾರೂ ಕಾರಣ ಹೇಳಿಲ್ಲ. ನಾನು ಬರೆದ ಪತ್ರಗಳಿಗೆಲ್ಲ ‘ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂಬ ಉತ್ತರ ಬಂತು. ಸಂಬಂಧಪಟ್ಟ ವಿಭಾಗ ಯಾವುದು ಸ್ವಾಮಿ ಎಂದು ಕೇಳಿದ್ದಕ್ಕೂ ಅದೇ ಉತ್ತರ ಬಂತು. ಆದ್ದರಿಂದ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ನಿಲ್ದಾಣದ ಎದುರು ಬೀದಿಯಲ್ಲಿ, ಬ್ರೆಡ್ಡಿನ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ನನ್ನ ಅಂಗಡಿ. ಬೆಟ್ಟದ ರೈಲಿನ ಸಿಬ್ಬಂದಿಗೆ ಕೋಟು ಹೊಲಿಯುವುದು ಅಪ್ಪನಿಂದ ನನಗೆ ಬಂದ ಕೆಲಸ. ಅಕ್ಕನನ್ನು ಇಡೀ ಊರು ಕರೆಯುವುದು ಮೈಕಕ್ಕ ಎಂದು. ರೈಲಿನ ಗಾಜಿನ ಬೋಗಿಯಲ್ಲಿ ಮೈಕು ಹಿಡಿದು ನಿಂತು, ಈ ಕಡೆ ಕಣಿವೆ, ಆ ಕಡೆ ಜಲಪಾತ ಎಂದು ಪ್ರವಾಸಿಗರಿಗೆ ತೋರಿಸಿಕೊಡುವುದು ಅವಳ ಕೆಲಸವಾಗಿತ್ತು. ಇವಳ ಬಾಯಿ ಜೋರು ಎಂದು ಗಂಡನ ಮನೆಯವರು ಅವಳನ್ನು ತವರಿಗೆ ಬಿಟ್ಟುಹೋಗಿದ್ದರು. ಅದೇ ಬಾಯಿಗೆ ನಿಮ್ಮ ಇಲಾಖೆ ಸಂಬಳ ಕೊಟ್ಟಿತು. ಆ ಉಪಕಾರವನ್ನು ನಾವು ಮರೆತಿಲ್ಲ. ಹಳೆಯ ಕಬ್ಬಿಣದ ಸೇತುವೆ ಬಂದಾಗ ಅವಳು, “ಹೆದರ್ಬೇಡಿ, ಇದು ನನ್ನ ಮೊಣಕಾಲಿನ ಥರ. ಸದ್ದು ಮಾಡತ್ತೆ, ಬೀಳಲ್ಲ” ಎನ್ನುತ್ತಿದ್ದಳು. ಬೋಗಿಗೆ ಬೋಗಿಯೇ ನಗುತ್ತಿತ್ತು. ಅದೇ ಮಾತು ಕೇಳಲೆಂದು ಎರಡನೆಯ ಸಲ ಬಂದವರಿದ್ದಾರೆ.

ಕೆಲಸಕ್ಕೆ ಸೇರಿದಾಗ ಅವಳ ಕಣ್ಣು ಚೆನ್ನಾಗಿತ್ತು. ಆಮೇಲೆ ಅಂಚಿನಿಂದ ಒಳಕ್ಕೆ ಕತ್ತಲೆ ತುಂಬುತ್ತ ಬರುವ ಕಾಯಿಲೆ ಶುರುವಾಯಿತು. ಇದಕ್ಕೆ ಮದ್ದಿಲ್ಲ ಎಂದರು ವೈದ್ಯರು. ವರ್ಷಗಳು ಕಳೆದಂತೆ ಮುಖಗಳು ಹೋದವು, ಮರಗಳು ಹೋದವು, ಬೆಟ್ಟವೂ ಹೋಯಿತು. ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಕೆಲಸ ಬಿಟ್ಟುಬಿಡು ಎಂದು ನಾನು ಹೇಳಿದೆ. “ಬಿಟ್ಟು ಏನ್ ಮಾಡ್ಲಿ? ನಿನ್ನ ಅಂಗಡೀಲಿ ಗುಂಡಿ ಹೆಕ್ಕಿಕೊಂಡು ಕೂರ್ಲಾ? ಅಲ್ಲಿ ನಂಗೆ ಕಾಣದಿದ್ರೂ ಕಣಿವೆ ಇರತ್ತೆ ಕಣೋ” ಎಂದು ಬಾಯಿ ಮುಚ್ಚಿಸಿದಳು. ಕಾಯಿಲೆಯನ್ನು ಅವಳು ಬಚ್ಚಿಟ್ಟವಳಲ್ಲ. ಆಗ ನಿಮ್ಮ ಕುರ್ಚಿಯಲ್ಲಿದ್ದ ಹಿರಿಯರಿಗೆ ತಾನೇ ಹೋಗಿ ತಿಳಿಸಿದ್ದಳು. ಅವರು, “ಕಣ್ಣು ಪ್ರಯಾಣಿಕರಿಗಿದೆಯಲ್ಲಮ್ಮ, ನಿಮಗೆ ಬಾಯಿದ್ರೆ ಸಾಕು” ಎಂದು ಕಳಿಸಿದ್ದರಂತೆ. ಅಂಥವರೂ ಆ ಕುರ್ಚಿಯಲ್ಲಿ ಕೂತಿದ್ದರು ಎಂಬುದು ನಿಮಗೆ ತಿಳಿದಿರಲಿ.

ಈಗ ಜಲಪಾತದ ವಿಷಯಕ್ಕೆ ಬರುತ್ತೇನೆ. ನೀವು ತನಿಖೆ ಮಾಡಿಸಿದ್ದು ಅದರದ್ದೇ ಅಲ್ಲವೇ? ಎರಡನೆಯ ಸುರಂಗ ದಾಟಿದ ಮೇಲೆ ಎಡಗಡೆಗೆ ಒಂದು ಜಲಪಾತವಿತ್ತು. ಬೆಟ್ಟದ ಮೇಲೆ ನಿಮ್ಮದೇ ಇಲಾಖೆ ಅತಿಥಿಗೃಹ ಕಟ್ಟಿತು. ಅತಿಥಿಗಳು ಈಜಬೇಕಲ್ಲ, ಈಜುಕೊಳವನ್ನೂ ಕಟ್ಟಿತು. ತೊರೆಯ ನೀರು ಕೊಳವೆ ಹಿಡಿದು ಅಲ್ಲಿಗೆ ಹೋಯಿತು. ಜಲಪಾತವಿದ್ದ ಜಾಗದಲ್ಲಿ ಬಂಡೆಯ ಮೇಲೆ ಪಾಚಿಗಟ್ಟಿದ ಕಲೆ ಉಳಿಯಿತು. ಅಕ್ಕ ಮಾತ್ರ ಎಂದಿನಂತೆ, “ಎಡಗಡೆ ನೋಡಿ, ಹಾಲು ಉಕ್ಕಿ ಚೆಲ್ಲಿದ ಹಾಗೆ ಬೀಳ್ತಾ ಇದೆ” ಎನ್ನುತ್ತಲೇ ಇದ್ದಳು. ದಾರಿಯಲ್ಲಿ ಏನಾದರೂ ಬದಲಾದರೆ ಅವಳಿಗೆ ಹೇಳುತ್ತಿದ್ದವರು ರೈಲಿನ ಗಾರ್ಡಣ್ಣ. ಮರ ಬಿದ್ದರೆ, ಹೊಸ ಮನೆ ಎದ್ದರೆ, ಎಲ್ಲವನ್ನೂ ಹೇಳಿದ ಅವರು ಇದೊಂದನ್ನು ಹೇಳಲಿಲ್ಲ. “ಆ ಜಾಗ ಬಂದಾಗ ಅವಳ ಮುಖ ನೋಡಿದ್ರೆ ನಂಗೆ ಬಾಯೇ ಬರ್ತಿರ್ಲಿಲ್ಲ” ಎಂದು ಆಮೇಲೆ ನನ್ನ ಮುಂದೆ ಕಣ್ಣೊರೆಸಿಕೊಂಡರು.

ಯಾರೋ ಒಬ್ಬ ಪ್ರವಾಸಿ, ಇಲ್ಲದ ಜಲಪಾತ ತೋರಿಸಿ ಮೋಸ ಮಾಡಿದರು ಎಂದು ನಿಮಗೆ ದೂರು ಕೊಟ್ಟರು. ನಿಮ್ಮ ತನಿಖಾಧಿಕಾರಿ ಅವಳನ್ನು ಕರೆಸಿದರು. ಕೈಹಿಡಿದು ಕರೆದುಕೊಂಡು ಹೋದವನು ನಾನೇ.

“ಜಲಪಾತ ಬತ್ತಿ ಹೋಗಿದೆ, ಗೊತ್ತಿಲ್ವಾ ನಿಮಗೆ?” ಎಂದರು ಅವರು.

ಅಕ್ಕ ದನಿ ಬಂದ ಕಡೆಗೆ ತಿರುಗಿದಳು. “ಬತ್ತಿ ಹೋಗಿದ್ಯಾ? ಯಾವಾಗ?”

“ಅದಲ್ಲ ಪ್ರಶ್ನೆ. ತಪ್ಪು ಮಾಹಿತಿ ಕೊಟ್ಟಿದ್ದೀರಿ.”

“ತೊರೆ ಸುಮ್ನೆ ಬತ್ತಲ್ಲ. ನೀರು ತಗೊಂಡೋರು ಯಾರು ಸಾರ್? ಅವರನ್ನೂ ಕರೆಸಿದ್ದೀರಾ?”

ಬಾಯಿ ಜೋರು ಎಂದು ಅಲ್ಲಿಯೂ ಬರೆದುಕೊಂಡಿರಬೇಕು. ಮಾನ್ಯರೇ, ಕೇಳುತ್ತೇನೆ: ಕಾಣದ ಕಣ್ಣಿನವಳು ಇದ್ದ ಜಲಪಾತವನ್ನು ನೆನೆದು ವರ್ಣಿಸಿದರೆ ಅದು ಮೋಸ. ಕಣ್ಣು ನೆಟ್ಟಗಿರುವವರು ಇದ್ದ ಜಲಪಾತವನ್ನೇ ಮಾಯ ಮಾಡಿದರೆ ಅದಕ್ಕೆ ಏನೆಂದು ಹೆಸರು? ಅಭಿವೃದ್ಧಿ ಎಂದೇ?

ಆ ದಿನ ಮನೆಗೆ ಬಂದವಳು ಊಟ ಮಾಡಲಿಲ್ಲ. “ನೀರಿಲ್ಲ ಅಂತ ಗೊತ್ತಿದ್ರೆ ಬೇರೆ ಏನಾದ್ರೂ ಹೇಳ್ತಿದ್ದೆ ಕಣೋ. ಜನ ಪೆದ್ದುಪೆದ್ದಾಗಿ ಎಡಗಡೆ ನೋಡಿರ್ತಾರೆ, ಪಾಪ” ಎಂದಳು. ತನ್ನ ನೌಕರಿಗಾಗಿ ಅವಳು ಹೆದರಲಿಲ್ಲ. ಖಾಲಿ ಬಂಡೆ ನೋಡಿದವರಿಗಾಗಿ ನಾಚಿಕೊಂಡಳು.

ತನಿಖೆಯ ಫಲ ತಿಳಿಸದೆಯೇ ಅವಳನ್ನು ಕೆಲಸದಲ್ಲಿ ಇಟ್ಟುಕೊಂಡಿದ್ದಿರಿ. ಕೆಲವೇ ತಿಂಗಳಲ್ಲಿ, ಪ್ರಯಾಣಿಕರ ಕೊರತೆಯಿಂದ ರೈಲು ನಿಲ್ಲಲಿದೆ ಎಂಬ ನಿಮ್ಮ ಪ್ರಕಟಣೆ ಬಂತು. ಕೊರತೆ ಆಕಾಶದಿಂದ ಉದುರಿತೇ? ನಗರದ ರೈಲು ನಮ್ಮ ನಿಲ್ದಾಣಕ್ಕೆ ಬರುವ ಮೊದಲೇ ಬೆಟ್ಟದ ರೈಲು ಹೊರಡುವಂತೆ ವೇಳೆ ಬದಲಿಸಿದವರು ಯಾರು? ಮಕ್ಕಳುಮರಿ, ಗಂಟುಮೂಟೆ ಕಟ್ಟಿಕೊಂಡು ಇಳಿದವರು ನಮ್ಮ ರೈಲಿನ ಬಾಲಕ್ಕೆ ಕೈಬೀಸಿ, ಬ್ರೆಡ್ಡಿನ ಅಂಗಡಿಯಲ್ಲಿ ಚಹಾ ಕುಡಿದು ಬಸ್ಸು ಹಿಡಿಯುವುದನ್ನು ನಾನು ಹೊಲಿಗೆ ಯಂತ್ರದ ಮುಂದೆ ಕೂತು ದಿನಾ ನೋಡಿದ್ದೇನೆ. ಕತ್ತು ಹಿಸುಕಿ, ಉಸಿರಾಡುತ್ತಿಲ್ಲ ಎಂದು ವರದಿ ಬರೆಯುವುದಕ್ಕೂ ಒಂದು ಪದವಿ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ‘ವಿದಾಯ ಯಾತ್ರೆ’ ಎಂದು ಹೆಸರಿಟ್ಟು ಕೊನೆಯ ಕೆಲವು ಓಡಾಟಗಳನ್ನು ಸಾರಿದ್ದೇ ತಡ, ಜನ ಮುಗಿಬಿದ್ದರು. ಬದುಕಿದ್ದಾಗ ಯಾರಿಗೂ ಬೇಡವಾಗಿದ್ದರೆ, ಸಾಯುವುದನ್ನು ನೋಡಲು ಅಷ್ಟು ಜನ ಎಲ್ಲಿಂದ ಬಂದರು?

ವಿದಾಯ ಯಾತ್ರೆಗೆಂದು ಸಿಬ್ಬಂದಿಗೆಲ್ಲ ಹೊಸ ಕೋಟು ಹೊಲಿಯಲು ನನಗೆ ಹೇಳಿಕಳಿಸಿದಿರಿ. ಸಾಯುವ ರೈಲಿಗೆ ಹೊಸ ಬಟ್ಟೆ! ನಿಮ್ಮ ಕಚೇರಿಯ ಗುಮಾಸ್ತರು ಬಟ್ಟೆಯ ಥಾನು ತಂದು ಮೇಜಿನ ಮೇಲಿಟ್ಟರು. ಚಾಲಕರು, ಗಾರ್ಡಣ್ಣ, ಟಿಕೆಟ್ಟಿನವರು ಎಂದು ಹೇಳುತ್ತ ಹೋದರು. ಮುಗಿಯಿತು ಎಂಬಂತೆ ಎದ್ದಾಗ, “ನಮ್ಮಕ್ಕಂದು ಬಿಟ್ಟುಹೋಯ್ತಲ್ಲ?” ಎಂದೆ.

ಅವರು ಥಾನಿನ ಮಡಿಕೆ ಸರಿಮಾಡಿದರು. “ಅವ್ರದ್ದು ಬೇಡ ಅಂದಿದ್ದಾರೆ. ದೊಡ್ಡ ನಟರ ದನಿ ರೆಕಾರ್ಡ್ ಮಾಡಿಸಿದ್ದಾರಂತೆ. ನಿಮಗೆ ಹೇಳಿಲ್ವಾ?”

ನನ್ನ ಅಕ್ಕನನ್ನು ಕೆಲಸದಿಂದ ತೆಗೆದ ಸುದ್ದಿ ನಮಗೆ ಮುಟ್ಟಿದ್ದು ಹೀಗೆ. ಅಂಗಡಿಯಿಂದ ಮನೆ ಎಷ್ಟು ದೂರ? ಬೀದಿಯ ತಿರುವು ಅಷ್ಟೇ. ಆದರೂ ಬೀಗದವನ ಗೂಡಿನ ಮುಂದೆ ಕೂತುಬಿಟ್ಟೆ. ಹೇಳಿದಾಗ ಅವಳು ಬೈಯಲಿಲ್ಲ, ಅಳಲಿಲ್ಲ. “ಆ ನಟರ ದನಿ ಚೆನ್ನಾಗಿದೆ ಬಿಡು” ಎಂದಳು. ಉಳಿದ ಬಟ್ಟೆಯಲ್ಲಿ ಅವಳಿಗೂ ಒಂದು ಕೋಟು ಹೊಲಿದೆ. ಬೆರಳಾಡಿಸಿ ನೋಡಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಳು. “ಕೆಲಸ ಇಲ್ದೋಳು ಇದನ್ನ ಹಾಕ್ಕೊಂಡ್ರೆ ವೇಷ ಕಟ್ಟಿದ ಹಾಗಿರತ್ತೆ.”

ಕೊನೆಯ ಓಡಾಟಕ್ಕೆ ಗಾರ್ಡಣ್ಣ ಹೇಗೋ ಎರಡು ಟಿಕೆಟ್ಟು ಹೊಂದಿಸಿದರು. ಅಕ್ಕ ಮೊದಲ ಸಲ ಪ್ರಯಾಣಿಕಳಾಗಿ, ಗಾಜಿನ ಬೋಗಿಯಲ್ಲಿ, ಕಿಟಕಿಯ ಪಕ್ಕ ಕೂತಳು. ನಿಮ್ಮ ಭಾಷಣ ಮುಗಿಯುವುದು ತಡವಾಯಿತು, ರೈಲು ಹೊರಡುವುದೂ ತಡವಾಯಿತು. ಯಂತ್ರಕ್ಕೆ ಅದೇನು ಗೊತ್ತು? ಅದು ತನ್ನ ವೇಳೆಗೇ ಶುರುವಾಗಿತ್ತು. ಸುರಂಗದೊಳಗೆ ಇರುವಾಗ ನಟರು, “ಬಲಗಡೆ ವಿಶಾಲವಾದ ಕಣಿವೆ” ಎಂದರು. ಜನ ನಕ್ಕರು. ಸೇತುವೆ ಬರುವುದಕ್ಕೆ ಎಷ್ಟೋ ಮೊದಲೇ, ಆ ಗಂಭೀರ ಗಂಡುದನಿಯಲ್ಲಿ, “ಹೆದರಬೇಡಿ, ಇದು ನನ್ನ ಮೊಣಕಾಲಿನ ಹಾಗೆ” ಎಂಬ ಮಾತು ಬಂತು. ಅಕ್ಕ ಬೆಚ್ಚಿ ನನ್ನ ತೋಳು ಹಿಡಿದಳು. ಸಾಲಿಗೆ ಸಾಲು ಅವಳದ್ದೇ. ಕೇಳದೆ, ಹೇಳದೆ, ಅವಳ ಮಾತುಗಳನ್ನೆಲ್ಲ ಎತ್ತಿಕೊಂಡು ಇನ್ನೊಬ್ಬರ ಬಾಯಿಗೆ ಹಾಕಿದ್ದಿರಿ. ಜಲಪಾತವೂ ಇತ್ತು, ಮಾನ್ಯರೇ! ಹಾಲು ಉಕ್ಕಿ ಚೆಲ್ಲಿದ ಹಾಗೆ ಬೀಳುವ ಅದೇ ಜಲಪಾತ. ಅವಳು ಹೇಳಿದಾಗ ತಪ್ಪು ಮಾಹಿತಿಯಾಗಿದ್ದು ಖ್ಯಾತ ನಟರ ಕಂಠದಲ್ಲಿ ಕಾವ್ಯವಾಯಿತು. ಈ ಸಲ ಯಾರೂ ದೂರು ಕೊಡಲಿಲ್ಲ.

ಎರಡನೆಯ ಸುರಂಗಕ್ಕೆ ಮುಂಚೆ, ಕ್ಯಾಮೆರಾ ಹಿಡಿದ ಒಬ್ಬರು ಬಂದು, “ಮೇಡಂ, ಸ್ವಲ್ಪ ಜಾಗ ಬಿಟ್ಕೊಡ್ತೀರಾ? ನೀವು ಹೇಗೂ ಹೊರಗೆ ನೋಡ್ತಾ ಇಲ್ವಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ, ಅವರಿಗೆ ತಿಳಿಯದು. ನಾನು ಎದ್ದು ನಿಂತು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಒತ್ತಿದಳು. “ಬನ್ನಿ, ಕೂತ್ಕೊಳ್ಳಿ” ಎಂದು ಒಳಗಿನ ಸೀಟಿಗೆ ಸರಿದಳು. ಅವರ ಹಿಂದೆ ಇನ್ನಷ್ಟು ಜನ ಕಿಟಕಿಗೆ ಮುತ್ತಿದರು. ರೈಲು ಸುರಂಗ ಹೊಕ್ಕಿತು, ಹೊರಗೆ ಬಂತು. ಎಲ್ಲರೂ ಹೋ ಎಂದು ಕೂಗುತ್ತಿದ್ದರು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: “ಹೊರಗೆ ಬಂದ್ವೇನೋ?”

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಲ್ಲ. ಸುರಂಗ ಮುಗಿದಾಗ ಮುಖದ ಮೇಲೆ ಬೀಳುವ ಬೆಳಕು ಅವಳಿಗೆ ಉಳಿದಿದ್ದ ಒಂದೇ ನೋಟ. ಹೌದು, ಬಂದ್ವಿ ಎಂದೆ. ತಲೆಯಾಡಿಸಿದಳು.

ಆಮೇಲೆ ನೀವು ಹಳಿ ಕಿತ್ತು ಲಾರಿಗೆ ತುಂಬಿಸಿದಿರಿ. ಗಾರ್ಡಣ್ಣ ಮಗಳ ಊರಿಗೆ ಹೋದರು. ಅಕ್ಕ ಈಗ ಬೇಕಾದ್ದಕ್ಕಷ್ಟೇ ಬಾಯಿ ತೆರೆಯುತ್ತಾಳೆ. ಹೂಂ, ಬೇಡ, ಸಾಕು. ರೈಲನ್ನು ಮರಳಿ ಕೊಡಿ ಎಂದು ನಾನು ಕೇಳುವುದಿಲ್ಲ. ಅಕ್ಕನಿಗೆ ಕೆಲಸ ಕೊಡಿ ಎಂದೂ ಕೇಳುವುದಿಲ್ಲ. ಯಾವ ಕೆಲಸ, ಎಲ್ಲಿ? ನಿಮ್ಮ ಕ್ಷಮೆ ಬಂದರೂ ಅದನ್ನು ಇಡಲು ನಮ್ಮಲ್ಲಿ ಜಾಗವಿಲ್ಲ.

ನೀವು ನಿಲ್ದಾಣಕ್ಕೆ ಬೇಲಿ ಹಾಕಿ, ಹೂಕುಂಡ ಇಟ್ಟು, ‘ಸ್ಮೃತಿ ಉದ್ಯಾನ’ ಎಂದು ಫಲಕ ಬರೆಸಿದ್ದೀರಿ. ಪ್ರತಿ ಬೆಳಿಗ್ಗೆ, ರೈಲು ಹೊರಡುತ್ತಿದ್ದ ಹೊತ್ತಿಗೆ, ಅಲ್ಲಿನ ಧ್ವನಿವರ್ಧಕ ತಾನಾಗಿಯೇ ಶುರುವಾಗಿ ಆ ನಟರ ರೆಕಾರ್ಡನ್ನು ಮೊದಲಿಂದ ಕೊನೆಯವರೆಗೆ ಕೂಗುತ್ತದೆ. ಕೇಳಲು ಉದ್ಯಾನದಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ನಮ್ಮ ಅಡುಗೆಮನೆ ಬೇಲಿಗೆ ತಾಗಿಕೊಂಡಿದೆ. ಕಿಟಕಿ ಮುಚ್ಚಿದರೂ ಕೇಳುತ್ತದೆ. ನಿಲ್ಲಿಸಿ ಎಂದು ಕಾವಲಿನವರನ್ನು ಬೇಡಿದರೆ, ಸ್ವಿಚ್ಚಿನ ಕೋಣೆಯ ಬೀಗದ ಕೈ ದೊಡ್ಡ ಕಚೇರಿಯಲ್ಲಿದೆ ಎನ್ನುತ್ತಾರೆ. ಮೊನ್ನೆ ಅಕ್ಕ ತರಕಾರಿ ಹೆಚ್ಚುತ್ತ ಕೂತಿದ್ದಳು. “ಎಡಗಡೆ ನೋಡಿ” ಎಂದಿತು ಆ ದನಿ. ಅವಳ ಕೈ ನಿಂತಿತು, ಮುಖ ತಾನಾಗಿಯೇ ಎಡಕ್ಕೆ ತಿರುಗಿತು. ಅಲ್ಲಿದ್ದದ್ದು ನಮ್ಮ ಗೋಡೆ. ತುಂಬಾ ಹೊತ್ತು ಅವಳು ಆ ಕಡೆಗೇ ಮುಖ ಮಾಡಿ ಕೂತಿದ್ದಳು.

ಅದನ್ನು ಬಂದ್ ಮಾಡಿಸಿ. ಅಷ್ಟೇ ನನ್ನ ಬೇಡಿಕೆ.

ಇಂತಿ,
ನೀವು ಇಷ್ಟನ್ನೂ ಮಾಡಲಾರಿರಿ ಎಂದು ತಿಳಿದೂ ಬರೆದ,
ಮೈಕಕ್ಕನ ತಮ್ಮ