ಖಜಾನೆಗೆ ಹೋದವರು

ಚಿತ್ತವಾಡ್ಗಿ, ಹೊಸಪೇಟೆ
೮ ಅಕ್ಟೋಬರ್ ೨೦೨೫

ಪ್ರೀತಿಯ ಕೊಟ್ರಬಸಮ್ಮಕ್ಕ,

ನೀವೂ ಮಗಳೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಮೂರು ತಿಂಗಳು ತಡವಾಯಿತು. ಫೋನು ಮಾಡಿದಾಗಲೆಲ್ಲ ನೀವು ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ. ನಮ್ಮ ಜವಾನ ಲಿಂಗರಾಜ್ ನಾಳಿದ್ದು ನಿಮ್ಮೂರು ವಡ್ಡುವಿಗೆ, ತನ್ನ ಅತ್ತೆಮನೆಗೆ ಬರುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಕೇಳಬೇಕಾದದ್ದು ಒಂದೇ: ನಾನು ಬಂದು ಮಗುವನ್ನು ನೋಡಬಹುದಾ?

ಕಚೇರಿಗೆ ಹೋಗುವ ಕಂಪ್ಲಿಯ ಬಸ್ಸಿನಲ್ಲಿ, ನಿಮ್ಮ ಕಿಟಕಿ ಸೀಟಿನಲ್ಲಿ ಈಗ ನಾನು ಕೂರುತ್ತೇನೆ. ಕಮಲಾಪುರ ದಾಟುವಾಗ ಬಾಳೆತೋಟಗಳ ಮೇಲೆ ಮಂಜು ನಿಂತಿರುತ್ತದೆ. ಆ ಹಸಿ ವಾಸನೆಗೆ ಈಗೀಗ ತಲೆ ಸುತ್ತಿದಂತಾಗಿ ಕಣ್ಣು ಮುಚ್ಚುತ್ತೇನೆ. ಮುಚ್ಚಿದರೆ ನೀವು ಪಕ್ಕದಲ್ಲೇ, ಹುಣಸೆಹಣ್ಣು ಚೀಪುತ್ತ, ನೌಕರರ ಸಂಘಕ್ಕೆ ನಾನು ಬರೆದ ಹೊಸ ಕರಪತ್ರ ಓದಿಸಿಕೊಳ್ಳುತ್ತ ಇರುತ್ತೀರಿ. "ಓದವ್ವ, ಹೊಟ್ಟೆಯಾಗಿಂದೂ ಕೇಳ್ಲಿ, ಹುಟ್ಟಿದ ಕೂಡ್ಲೆ ಮುಷ್ಕರ ಮಾಡ್ಲಿ" ಎಂದು ನಗುತ್ತಿದ್ದಿರಲ್ಲ.

ಕಚೇರಿ ಹಾಗೇ ಇದೆ. ಹೊರಗೆ ಹೋಗುವವರು ಎಲ್ಲಿಗೆಂದು ಬರೆಯುವ ಆ ಚಲನವಲನ ವಹಿಯೂ ಸೂಪರಿಂಟೆಂಡೆಂಟ್ ತೋಟಪ್ಪ ಸರ್ ಮೇಜಿನ ಮೇಲೇ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ತಿರುವಿ, ಬಸುರಿಯರೆಲ್ಲ ಪ್ರತಿ ತಿಂಗಳು ಒಂಬತ್ತನೇ ತಾರೀಖು ಹೊಸಪೇಟೆಯ ಖಜಾನೆಗೇ ಯಾಕೆ ಹೋಗುತ್ತಾರೆ ಎಂದು ಕೇಳಿದ್ದೆ. "ಈ ಕಚೇರಿಯಾಗ ಖಜಾನೆಗೆ ಹೋದವ್ರು ಮಕ್ಕಳ್ನ ತಗೊಂಡು ಬರ್ತಾರ ನೋಡ್ರಿ" ಎಂದಿದ್ದರು ತೋಟಪ್ಪ ಸರ್. ಎಲ್ಲರೂ ನಕ್ಕರು. ಒಂಬತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯ ದಿನ ಎಂದು ಆಮೇಲೆ ನೀವು ಹೇಳಿದಿರಿ. ನನಗೆ ನಗು ಬರಲಿಲ್ಲ. ಆಸ್ಪತ್ರೆಗೆ ಹೋಗಲು ಹೆಣ್ಣುಮಕ್ಕಳು ಕಳ್ಳರ ಹಾಗೆ ಸುಳ್ಳು ಬರೆಯಬೇಕೆ? ತಪಾಸಣೆಯ ದಿನಕ್ಕೆ ಸಂಬಳ ಸಹಿತ ರಜೆ ಕೊಡಿ ಎಂದು ಏಪ್ರಿಲ್‌ನಲ್ಲಿ ಮನವಿ ಬರೆದೆ. ವಾದಕ್ಕೆ ಬಲ ಬರಲೆಂದು ಖಜಾನೆಯ ಸುಳ್ಳನ್ನೂ ಅದರಲ್ಲಿ ಬರೆದೆ. ಆಗ ನಿಮಗೆ ಆರನೇ ತಿಂಗಳು. ಇದ್ದ ರಜೆಯೆಲ್ಲ ವಾಂತಿಯ ದಿನಗಳಲ್ಲೇ ಮುಗಿದಿತ್ತು.

ಮೇಲಿನಿಂದ ರಜೆಯ ಬಗ್ಗೆ ಒಂದು ಅಕ್ಷರವೂ ಬರಲಿಲ್ಲ. ಮೇ ಮೊದಲ ವಾರ ಬಂದದ್ದು ಜ್ಞಾಪನ: ಖಜಾನೆಗೆ ಹೋದವರು ಅಲ್ಲಿಯ ಮುದ್ರೆ ಹಾಕಿಸಿಕೊಂಡು ಬರತಕ್ಕದ್ದು. ಮೇ ಒಂಬತ್ತರಂದು ನೀವು ಹೋಗಲಿಲ್ಲ. ಜೂನ್ ಒಂಬತ್ತರಂದೂ ಹೋಗಲಿಲ್ಲ. ಕಾಲು ಊದಿ ಚಪ್ಪಲಿ ಹಿಡಿಯದಾದಾಗಲೂ, ಟೈಪು ಮಾಡುವಾಗ "ಅಕ್ಷರ ಎರಡೆರಡು ಕಾಣ್ತಾವ" ಎಂದು ನೀವು ಅಂದಾಗಲೂ, ಅದು ರಕ್ತದೊತ್ತಡ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಎಂಟನೇ ತಿಂಗಳಲ್ಲೇ ಬಳ್ಳಾರಿಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಒಂದು ಕೆಜಿ ಮುನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯ ಹೊರಗೆ ನಿಂತಿದ್ದಾಗ ನಿಮ್ಮವ್ವ ನನ್ನನ್ನು ನೋಡಿ, "ನೀನೇ ಏನವ್ವ ಆ ಕಾಗದ ಬರೆದಾಕಿ" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಈಚೆಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತದೆ. ಹಂಪಿಯ ಹೊಳೆಯಲ್ಲಿ ಹರಿಗೋಲುಗಳು ನಿಧಾನ ತಿರುಗುತ್ತಿವೆ. ಒಂದೊಂದರಲ್ಲೂ ಒಬ್ಬೊಬ್ಬ ಬಸುರಿ. ಯಾರೂ ಹುಟ್ಟು ಹಾಕುತ್ತಿಲ್ಲ, ನೀರೇ ಒಯ್ಯುತ್ತಿದೆ. ನಾನು ದಂಡೆಯಲ್ಲಿ ವಹಿ ಹಿಡಿದುಕೊಂಡು, ಎಲ್ಲಿಗೆ ಹೋಗುತ್ತೀರಿ, ನಿಜ ಹೇಳಿ ಎಂದು ಕೂಗುತ್ತಿದ್ದೇನೆ. ನೀವು ಮಾತ್ರ ತಿರುಗಿ ನೋಡಿ, "ಬಾರೇ ಮಿತ್ರಾ, ಇನ್ನೊಬ್ರಿಗೆ ಜಾಗ ಐತಿ" ಎನ್ನುತ್ತೀರಿ. ಅಷ್ಟಕ್ಕೆ ಎಚ್ಚರವಾಗುತ್ತದೆ.

ಮನವಿಯನ್ನು ನಾನು ಕೈಬಿಟ್ಟಿಲ್ಲ. ಇನ್ನೂ ನಾಲ್ಕು ಕಚೇರಿಯವರು ಸಹಿ ಮಾಡಿದ್ದಾರೆ. ಕೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ.

ನಿಮ್ಮ ಮಗಳ ಮೈ ತುಂಬಲಿ, ಅವಳ ದನಿ ವಡ್ಡುವಿನ ಲಾರಿಗಳ ಸದ್ದನ್ನೂ ಮೀರಲಿ. ನಿಮ್ಮ ಕಣ್ಣು ತಿಳಿಯಾಗಲಿ. ಅವ್ವನಿಗೆ ನನ್ನ ನಮಸ್ಕಾರ.

ನಿಮ್ಮ
ಸಂಘಮಿತ್ರಾ

ಮರೆತದ್ದು: ಮರೆತದ್ದಲ್ಲ ಅಕ್ಕ, ನಿನ್ನೆ ಬರೆಯಲಾಗಲಿಲ್ಲ. ಎಲ್ಲ ಜ್ಞಾಪನದ ತಲೆಗೆ ಕಟ್ಟಿ ಮುಗಿಸಿದ್ದೆ. ಜೂನ್ ಒಂಬತ್ತರ ಬೆಳಿಗ್ಗೆ ತೋಟಪ್ಪ ಸರ್ ನಿಮ್ಮ ಮುಂದೆ ವಹಿ ಸರಿಸಿ, "ಬರೀರಿ ತಂಗಿ, ಮುದ್ರೆ ನಾ ಹೆಂಗರ ಹಾಕಿಸ್ತೀನಿ, ನೀವು ಜಲ್ದಿ ಹೋಗ್ರಿ" ಎಂದಿದ್ದರು. ನೀವು ಪೆನ್ನು ಎತ್ತಿದ್ದಿರಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಮನವಿಯೇ ಬಿದ್ದುಹೋಗುತ್ತದೆ, ಇದೊಂದು ತಿಂಗಳು ತಡೀರಿ ಅಕ್ಕ ಎಂದು ಆ ಪೆನ್ನನ್ನು ನಿಮ್ಮ ಕೈಯಿಂದ ತೆಗೆದುಕೊಂಡವಳು ನಾನು. ನೀವು ಇದನ್ನು ನಿಮ್ಮವ್ವನಿಗೂ ಹೇಳಿಲ್ಲ ಎಂದು ಆವತ್ತು ಆಸ್ಪತ್ರೆಯಲ್ಲಿ ಅವರ ಮುಖ ನೋಡಿಯೇ ತಿಳಿದಿದ್ದೆ.

ನನಗೀಗ ಮೂರು ತಿಂಗಳು. ಇವತ್ತು ಒಂಬತ್ತನೇ ತಾರೀಖು. ತೋಟಪ್ಪ ಸರ್ ಏನೂ ಕೇಳದೆ ವಹಿಯನ್ನು ನನ್ನ ಮುಂದೆ ಸರಿಸಿದರು. ಖಜಾನೆಗೆ ಎಂದು ಬರೆದೆ. ಕೈ ಒಂದು ಸಲವೂ ತಡವರಿಸಲಿಲ್ಲ.